ಹೊನ್ನಗಲ್ಲು

ಇಪ್ಪತ್ತಮೂರು.
ಅಕ್ಕ ಊಬೆರ್ಲಿಂದಾ ಆಸ್ಪತ್ರೆಯಿಂದ ತಂದ ಕಾಫಿ ಶೀಶೆಯಲ್ಲಿ
ಇಪ್ಪತ್ತಮೂರು ಕಲ್ಲು.
ಒಲೆಯ ಪಕ್ಕದ ಕಿಟಕಿಕಟ್ಟೆಯ ಮೇಲಿಟ್ಟು
ಬಂದವರಿಗೆಲ್ಲ ಅಲ್ಲಾಡಿಸಿ ತೋರಿಸಿದಳು:
"ನೋಡಿ, ಹನ್ನೊಂದು ವರ್ಷ ಹೊತ್ತು ಹೆತ್ತದ್ದು."

ಕೆಲವು ಕಡಲೆಯಷ್ಟು. ಒಂದು ಮಾತ್ರ
ಎಳೆ ಆಲೂಗಡ್ಡೆಯಂತೆ, ಮೂಲೆ ಸವೆದು,
ಹಳದಿ. ಬಿಸಿಲಿಗೆ ಹಿಡಿದರೆ ಹೊಳೆಯುತ್ತಿತ್ತು.
ನಮ್ಮ ಮನೆತನದ ಹೆಸರು ಮಿಯಾಕುರಾ.
ನಮ್ಮ ಹಳೆಯ ಮಾತಿನಲ್ಲಿ ಕುರಾ ಎಂದರೆ ಕಲ್ಲು,
ಮಿಯಾ ಎಂದರೆ ಹೊನ್ನು.
"ಹೆಸರಿಗೆ ತಕ್ಕ ಆಸ್ತಿ ಈಗ ಸಿಕ್ಕಿತು" ಎಂದು
ಬಾವ ಫ್ಲೋರಿಯಾನೊ ನಕ್ಕ. ನಾವೂ ನಕ್ಕೆವು.
ಅಷ್ಟು ದಿನ ನೋಯಿಸಿದ್ದು ಕೈಗೆ ಸಿಕ್ಕಿದರೆ
ಯಾರಿಗೆ ನಗು ಬರುವುದಿಲ್ಲ.

ಮೊದಲ ಚೀಟಿ ಬಂದಾಗ ಅವಳಿಗೆ ಮೂವತ್ತೈದು.
ಸರ್ಕಾರದ ಖರ್ಚು, ತೆಗೆಸಿಕೋ, ಅಂದಿದ್ದಳು ನರ್ಸು.
ಆ ವರ್ಷ ಕಡಲಪಾಚಿಯ ಸುಗ್ಗಿ;
ಮರುವರ್ಷ ಅತ್ತೆ ಹಾಸಿಗೆ ಹಿಡಿದಳು;
ಆಮೇಲೆ ಸೇತುವೆ ಕೊಚ್ಚಿಹೋಯಿತು; ಆಮೇಲೆ
ನೋವೇ ನಿಂತಿತ್ತು.
ಹಂದಿಕೊಬ್ಬಿನಲ್ಲಿ ಕರಿದ ರೊಟ್ಟಿ ತಿಂದ ರಾತ್ರಿ ಮಾತ್ರ
ಬಲ ಪಕ್ಕೆ ಹಿಡಿದು, ಗೋಡೆಗೆ ಹಣೆಯೂರಿ,
ಬೋಲ್ದೊ ಎಲೆಯ ಕಷಾಯ ಕುಡಿದು
ಬೆಳಗಾಗುವುದನ್ನು ಕಾಯುತ್ತಿದ್ದಳು.
ಅಮ್ಮನೂ ಹಾಗೇ ಕಾಯುತ್ತಿದ್ದಳು.
ಅಮ್ಮ ಹೋದದ್ದು ಕಣ್ಣು ಹಳದಿಯಾಗಿ, ಮೈ ಕೆರೆದು ಕೆರೆದು.
ಪಿತ್ತ ಅಂದಿದ್ದರು. ಬೇರೆ ಹೆಸರು ನಾವು ಕೇಳಲಿಲ್ಲ.

ಮೂರು ವಾರದ ನಂತರ ತೆಮೂಕೊದಿಂದ ಫೋನು.
ಶೀಶೆಯ ಬಗ್ಗೆ ಅಲ್ಲ.
ಶೀಶೆಗೆ ಹಾಕದೆ ಅವರೇ ಇಟ್ಟುಕೊಂಡದ್ದರ ಬಗ್ಗೆ:
ಆ ಚೀಲ. ಗಾಳಿ ಹೋದ ಬಲೂನಿನಂತೆ ಮುದುಡಿದ
ಆ ಬಡಪಾಯಿ ಚೀಲ.
ಅದನ್ನು ಕೂದಲಿಗಿಂತ ತೆಳುವಾಗಿ ಹೆರೆದು, ಬಣ್ಣ ಹಚ್ಚಿ,
ಗಾಜಿನಡಿ ಇಟ್ಟು ಯಾರೋ ಕೂತು ನೋಡಿದ್ದರು.
ಒಳಗೋಡೆಯಲ್ಲಿ, ಗೋಧಿಕಾಳಿನಷ್ಟು ಜಾಗದಲ್ಲಿ,
ಜೀವಕೋಶಗಳು ಸಾಲು ಬಿಟ್ಟಿದ್ದವು.

ನಾವೆಲ್ಲ ಕಲ್ಲೆಣಿಸುತ್ತಿದ್ದೆವು.

ಡಾಕ್ಟರು ಚಿಕ್ಕ ವಯಸ್ಸಿನವಳು, ಮಾತು ಅಳೆದು ಆಡುವವಳು.
"ಕಲ್ಲಿದ್ದವರಿಗೆಲ್ಲ ಇದು ಬರುವುದಿಲ್ಲ" ಎಂದಳು,
"ಬಂದವರಲ್ಲಿ ಹೆಚ್ಚಿನವರಿಗೆ ಕಲ್ಲಿತ್ತು."
ಅಕ್ಕ ಆ ಎರಡು ವಾಕ್ಯಗಳ ನಡುವೆ
ಬಹಳ ಹೊತ್ತು ಕೂತಿದ್ದಳು,
ಬಸ್ಸು ತಪ್ಪಿದವಳ ಹಾಗೆ.
ಆಮೇಲೆ ಕೇಳಿದ್ದು ಒಂದೇ:
"ಕಲ್ಲು ಉಜ್ಜಿ ಉಜ್ಜಿ ಹೀಗಾಯಿತೇ?"
"ಉಜ್ಜಿದ್ದೂ ಇರಬಹುದು. ವರ್ಷಗಟ್ಟಲೆ ಒಳಗಿನ ಉರಿ.
ನಮಗೂ ಪೂರ್ತಿ ತಿಳಿಯದು."
ತಿಳಿಯದು ಎಂದದ್ದಕ್ಕೇ ನನಗೆ ಅವಳ ಮೇಲೆ ನಂಬಿಕೆ ಬಂತು.

ಚಳಿಗಾಲದಲ್ಲಿ ಮತ್ತೆ ಕುಯ್ದರು. ಈ ಸಲ ಯಕೃತ್ತಿನ ಅಂಚು.
ಈ ಸಲ ಕೈಗೆ ಏನೂ ಕೊಡಲಿಲ್ಲ.
ಕಾಫಿ ಶೀಶೆಯಲ್ಲಿ ಈಗ ಅಂಗಿಯ ಗುಂಡಿಗಳಿವೆ;
ಕಲ್ಲುಗಳನ್ನು ಎಲ್ಲಿ ಸುರಿದಳೋ, ಕೇಳಿಲ್ಲ.

ನನಗೆ ಮೂವತ್ತೊಂಬತ್ತು. ನನ್ನವು ಆರು:
ತೆರೆಯ ಕತ್ತಲಲ್ಲಿ ಆರು ಬಿಳಿ ಚುಕ್ಕೆ,
ಒಂದೊಂದಕ್ಕೂ ಕೆಳಗೆ ಉದ್ದ ನೆರಳು.
ನೋವಿಲ್ಲ. ನೋವಿಲ್ಲದ್ದನ್ನು ಕುಯ್ಯಿಸಿಕೊಳ್ಳಲು
ಬೆಳಗಿನ ಐದರ ಬಸ್ಸಿಗೆ ನಿಂತಿದ್ದೇನೆ,
ಬೂದಿ ಸರೋವರದ ಮಂಜು ಮೊಣಕಾಲವರೆಗೆ.
ಅಕ್ಕ ಬಂದಿದ್ದಾಳೆ, ಬೇಡವೆಂದರೂ, ಎರಡು ಶಾಲು ಹೊದ್ದು.
ಅವಳ ಕಣ್ಣಿನ ಬಿಳಿಯನ್ನು ನಾನು ಕದ್ದು ನೋಡುವುದು
ಅವಳಿಗೆ ಗೊತ್ತು. ಟಾರ್ಚನ್ನು ತಾನೇ
ಮುಖಕ್ಕೆ ಹಿಡಿದುಕೊಂಡಳು: "ನೋಡಿಕೋ."
ಬಿಳಿಯೇ ಇದೆ. ಈ ಹೊತ್ತಿಗೆ.

ಬಸ್ಸಿನ ದೀಪ ತಿರುವಿನಲ್ಲಿ ಕಂಡಾಗ ಅಂದಳು:
"ಕಲ್ಲು ಕೊಟ್ಟರೆ ತರಬೇಡ.
ಚೀಲ ಏನಂತು, ಕೇಳಿಕೊಂಡು ಬಾ."