ಅರವತ್ತೊಂದು ದಿನ

ಬೋಟು ಬೈತಖೋಲದಲ್ಲಿ ಕಟ್ಟಿ ಕೂತಿದೆ.
ಆಗಸ್ಟಿನವರೆಗೆ ಸಮುದ್ರಕ್ಕೆ ಇಳಿಯುವಂತಿಲ್ಲ.
ವೈಜಯಂತಿಯ ಹೆರಿಗೆ ರಜೆ ಮುಗಿದು
ಐದೂಕಾಲರ ಅಂಕೋಲಾ ಬಸ್ಸಿಗೆ
ಚೀಲ ಹೆಗಲಿಗೇರಿಸಿ ಹೊರಟವಳು
ಬಾಗಿಲಲ್ಲೇ ನಿಂತು
ಟಿಕೇಟಿನ ಹಾಗೆ ಹರಿದು ಕೊಟ್ಟಳು
ಒಂದೊಂದೇ ಮಾತು:

ಸಿಗಡಿ ಬೇಯಿಸುವ ಪಾತ್ರೆ ಮುಟ್ಟಬೇಡ,
ಬಾಟ್ಲಿ ಕುದಿಸಲು ಬೇರೆ ಇದೆ.
ಹಾಲನ್ನು ಒಲೆಗಿಡಬೇಡ, ಬಿಸಿನೀರಲ್ಲಿ ನಿಲ್ಲಿಸು.
ಕೈ ಸೋಪು ಹಾಕಿ ಎರಡು ಸಲ. ನಿನ್ನದು ಮೂರು ಸಲ.

ಮೂರು ಸಲ ತೊಳೆದರೂ
ಉಗುರಿನ ಸಂದಿಯಲ್ಲಿ ಡೀಸೆಲ್ ವಾಸನೆ.
ಮಗಳ ಮೂಗಿಗೆ ಬಹುಶಃ ಅದೇ ಅಪ್ಪ.

ಮಣಿಕಟ್ಟಿನ ಒಳಬದಿಗೆ ಎರಡು ಹನಿ.
ಬಿತ್ತೋ ಇಲ್ಲವೋ ಚರ್ಮಕ್ಕೇ ತಿಳಿಯಬಾರದು,
ಅಷ್ಟೇ ಬಿಸಿ.

ಮೊದಲ ದಿನ ಅಂಗಾತ ಮಲಗಿಸಿ
ದಿಂಬಿಗೆ ಬಾಟ್ಲಿ ಆನಿಸಿಟ್ಟು
ಬಲೆಯ ಹರಕು ಹೆಣೆಯಲು ಕೂತಿದ್ದೆ.
ಕೆಮ್ಮು ಕೇಳಿಸಿತು.
ಆ ಮುಖದ ಬಣ್ಣ…
ಮುಳುಗಿದವರನ್ನು ಎರಡು ಸಲ ಎತ್ತಿದ್ದೇನೆ ನಾನು.
ವೈಜಯಂತಿಗೆ ಇನ್ನೂ ಹೇಳಿಲ್ಲ.

ಈಗ ಎತ್ತಿ ಕೂರಿಸಿಕೊಳ್ಳುತ್ತೇನೆ,
ತಲೆ ಮೊಣಕೈ ಮಡಿಕೆಯಲ್ಲಿ, ಹೊಟ್ಟೆಗಿಂತ ಎತ್ತರಕ್ಕೆ.
ಬಾಟ್ಲಿ ಅಡ್ಡಕ್ಕೆ, ತುಸುವೇ ವಾಲಿಸಿ,
ನಿಪ್ಪಲ್ ತುಂಬ ಹಾಲೇ ಇರುವಷ್ಟು.
ತುಟಿಗೆ ತಾಗಿಸಿ ಕಾಯುತ್ತೇನೆ,
ಬಾಯಿ ಅವಳೇ ತೆರೆಯಬೇಕು.

ಗಾಳದ ದಾರಕ್ಕೆ ಬೆರಳಿಟ್ಟು ಬೆಳೆದವನಿಗೆ
ಇದು ಗೊತ್ತಿರುವ ಕೆಲಸ:
ಎಳೆತ, ಎಳೆತ, ಎಳೆತ, ನಿಲುಗಡೆ.
ನಿಂತಾಗ ನಾನೂ ಬಾಟ್ಲಿ ಇಳಿಸುತ್ತೇನೆ.
ಒಳಗೆ ಗುಳ್ಳೆಗಳು ಏಳುತ್ತವೆ,
ದಡದ ಹತ್ತಿರ ತಾರ್ಲೆ ಹಿಂಡು ಬಂದಾಗಿನಂತೆ.
ಬೋಟಿನಲ್ಲಾದರೆ ಕೂಗುತ್ತಿದ್ದೆ.
ಅವಳು ನನ್ನನ್ನೇ ನೋಡುತ್ತಾಳೆ, ರೆಪ್ಪೆ ಬಡಿಯದೆ,
ಚಿಲ್ಲರೆ ಇಲ್ಲದೆ ಹತ್ತಿದವನನ್ನು
ಅವಳಮ್ಮ ನೋಡುವಂತೆ.

ಆಮೇಲೆ ಹೆಗಲು, ಹೆಗಲಿಗೆ ಪಂಚೆ, ಬೆನ್ನಿಗೆ ಅಂಗೈ.
ತಟ್ಟಿದೆ, ತಟ್ಟಿದೆ. ಏನಿಲ್ಲ.
ಮಳೆಗಾಲದ ಎಂಜಿನ್ನಿನ ಹಟ.
ಕೊನೆಗೊಂದು ತೇಗು,
ಇಷ್ಟು ಸಣ್ಣ ಮೈಯಿಂದ!
ಗೋಡೆಯಾಚೆಯಿಂದ ಗುಲಾಬಿಮಾಯಿ
“ಸ್ಟಾರ್ಟ್ ಆಯ್ತೇನೋ?” ಅಂದಳು.

ತಳದಲ್ಲಿ ಒಂದು ಬೆರಳಿನಷ್ಟು ಉಳಿಯಿತು.
ಮುಖ ತಿರುಗಿಸಿದಳು, ಮುಗಿಯಿತು, ಒತ್ತಾಯ ಇಲ್ಲ.
ಉಳಿದದ್ದನ್ನು ಮುಂದಿನ ಸಲಕ್ಕೆ ಇಡಬಾರದಂತೆ.
ಮೀನಿನ ತಲೆಯನ್ನೂ ಎಸೆಯದ ಮನೆ ನಮ್ಮದು.
ನಿನ್ನೆ ರಾತ್ರಿ ಹನ್ನೊಂದಕ್ಕೆ ತೂಕಡಿಸುತ್ತ
ಅವಳು ಹಿಂಡಿಟ್ಟ ಹಾಲು.
ಬಚ್ಚಲಿಗೆ ಚೆಲ್ಲಲು ಕೈ ಬರಲಿಲ್ಲ.
ಮಗುವನ್ನು ತೊಟ್ಟಿಲಿಗೆ ಹಾಕಿ, ಮಳೆಯಲ್ಲೇ ಹೋಗಿ
ದಾಸವಾಳದ ಬುಡಕ್ಕೆ ಸುರಿದು ಬಂದೆ.

ಇನ್ನು ಒಂಬತ್ತು ದಿನ.
ಗುಲಾಬಿಮಾಯಿಗೆ ನಾಳೆಯಿಂದ ಕಲಿಸಬೇಕು,
ಬಾಗಿಲಲ್ಲಿ ನಿಂತು, ಒಂದೊಂದೇ ಮಾತು.
ದಿಂಬಿನದು ಮೊದಲು.