ಶೇಷ

ಮಿಸುಕು ಬೆಟ್ಟದ ಬೆನ್ನಿನ ಮೇಲೆ ಮೂವತ್ತಾರು ಮಡಿ.
ಹನ್ನೆರಡು ತಳಿ ಬೀನ್ಸ್, ಒಂದೊಂದೂ ಮೂರು ಸಲ.
ಮಡಿಗೊಂದು ಬಿದಿರ ಕಡ್ಡಿ, ಕಡ್ಡಿಗೊಂದು ತಗಡಿನ ಚೂರು,
ತಗಡಿನ ಮೇಲೆ ಮೊಳೆಯಲ್ಲಿ ಗೀಚಿದ ನನ್ನ ಅಂಕಿ.
ಇದೇ ಹನ್ನೆರಡು, ಇದೇ ವಾರ,
ಕೆಳಗೆ ಕರೊಂಗಾದ ಸರೋವರದ ದಂಡೆಯಲ್ಲೂ.

ಬಿತ್ತಿದಂತೆ ಬೆಳೆ ಅಂತಾರೆ.
ನಾನು ಬಿತ್ತಿದ್ದು ಒಂದೇ ಚೀಲದ್ದು.
ಮೇಲೆ ಏಳನೆಯದು ಗಿಡಕ್ಕೆ ಹದಿನೆಂಟು ಕಾಯಿ ಕಟ್ಟಿ
ಊರುಗೋಲನ್ನೇ ವಾಲಿಸಿತು.
ಕೆಳಗೆ ಅದೇ ಏಳನೆಯದು
ಮೈತುಂಬ ಹೂ ಬಿಟ್ಟು, ಸೆಕೆಯ ಒಂದೇ ರಾತ್ರಿ ಎಲ್ಲ ಉದುರಿಸಿ,
ಬೆಳಿಗ್ಗೆ ಏನೂ ಆಗದವರ ಹಾಗೆ ನಿಂತಿತ್ತು.
ಅಲ್ಲಿ ಗೆದ್ದ ಹನ್ನೊಂದು
ಇಲ್ಲಿ ಬೇರು ಕೊಳೆತು ಮಲಗಿದ ಬಡಕಲು.

ಹೊಲದೊಡತಿ ನ್ಯಾಗೊಂಡ್ವೆಗೆ ನನ್ನ ಕಡ್ಡಿಗಳೆಂದರೆ ನಗು.
ಅವಳ ಸೋರೆಬುರುಡೆಯಲ್ಲಿ ಕಾಳೆಲ್ಲ ಕಲಬೆರಕೆ:
ಹಳದಿ, ಕೆಂಪು, ಗುಬ್ಬಿಮೊಟ್ಟೆಯ ಚುಕ್ಕೆಯದು.
‘ಬೇರೆ ಬೇರೆ ಇಟ್ಟು ಏನು ಸಾಧಿಸ್ತೀಯ?
ಮಳೆ ಬರೋದು ಒಬ್ಬೊಬ್ಬರನ್ನೇ ಕರೆದಾ?’

ತೂಗಿದೆ. ಎಣಿಸಿದೆ. ನೂರು ಕಾಳಿನ ಗ್ರಾಂ ಬರೆದೆ.
ಎರಡು ತಿಂಗಳಿಗೆ ಲಿಲೊಂಗ್ವೆಯಿಂದ ಕೋಷ್ಟಕ ಬಂತು.
ಇಳುವರಿಯ ಏರುಪೇರನ್ನು ಪಾಲು ಮಾಡಿದ್ದರು,
ದಾಯಾದಿಗಳು ಗದ್ದೆ ಹಂಚಿಕೊಂಡ ಹಾಗೆ:
ತಳಿಗೆ ಇಷ್ಟು,
ನೆಲಕ್ಕೆ, ಹವೆಗೆ ಅದರ ಮೂರು ಪಟ್ಟು,
ಇಬ್ಬರ ನಡುವಿನ ಗುಟ್ಟಿಗೆ ಇನ್ನಷ್ಟು.
ಕೊನೆಯ ಸಾಲಿನಲ್ಲಿ ಯಾರೂ ಹಕ್ಕು ಕೇಳದ ಪಾಲು,
ಶೇಷ.

ಆ ಸಾಲಿನೊಳಗೆ ಏನಿದೆ ನನಗೆ ಗೊತ್ತು.
ಇಪ್ಪತ್ತೊಂದನೇ ಮಡಿಯ ಅಡಿಯಲ್ಲಿ ಗೆದ್ದಲು ಬಿಟ್ಟುಹೋದ ಹಳೇ ಹುತ್ತ.
ಜ್ವರ ಬಂದು ಮೂರು ದಿನ ತಡವಾಗಿ ಕಿತ್ತ ಸಾಲು.
ಮತ್ತೆ ಆ ಸಂಜೆ:
ಐದನೇ ಮಡಿಯ ಬುಡಕ್ಕೆ ಬಗ್ಗಿ
ನ್ಯಾಗೊಂಡ್ವೆ ಒಲೆಯ ಬೂದಿ ಸುರಿಯುತ್ತಿದ್ದಳು.
‘ಸೊರಗಿತ್ತು ಕಣೋ. ನೋಡಿಕೊಂಡು ಸುಮ್ಮನಿರೋಕೆ ಆಗಲಿಲ್ಲ.’
ನಿಯಮದ ಪ್ರಕಾರ ಆ ಮಡಿಗೆ ಅಡ್ಡಗೆರೆ ಎಳೆಯಬೇಕಿತ್ತು.
ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು
ಮಳೆಯಾಗಬಹುದಾ ಅಂತ ಕೇಳಿದೆ.

ತೂಗಿ ಮುಗಿದ ಕಾಳನ್ನು ಅವಳಿಗೇ ಕೊಡಬೇಕೆಂದು ಒಪ್ಪಂದ.
ಹನ್ನೆರಡು ಕಾಗದದ ಚೀಲ, ಹನ್ನೆರಡು ಅಂಕಿ.
ಅವಳು ಒಂದೊಂದನ್ನೇ ಹರಿದು ಬುರುಡೆಗೆ ಸುರಿದಳು,
ಗೆದ್ದದ್ದು, ಸೋತದ್ದು, ಬೂದಿ ತಿಂದದ್ದು.
ನನ್ನ ಇಡೀ ವರ್ಷ ಒಳಗೆ ಗಲಗಲ ಅಂತು.

ಚಾಪೆಯ ಮೇಲೊಂದು ಕಾಳು ಉಳಿದಿತ್ತು.
ಬೂದುಬಣ್ಣ, ಕಣ್ಣಿನ ಸುತ್ತ ನೇರಳೆ ಉಂಗುರ.
ಹನ್ನೆರಡರಲ್ಲಿ ಯಾವುದೂ ಅಲ್ಲ, ಅವಳ ಹಳೆಯದರಲ್ಲೂ ಇಲ್ಲ.
ಯಾವ ದುಂಬಿಯ ಕೆಲಸವೋ.
ನಾನು ಅಭ್ಯಾಸಬಲದಿಂದ ಮೊಳೆಗಾಗಿ ಜೇಬು ತಡಕಿದೆ.
ಅಷ್ಟರಲ್ಲಿ ಅವಳು ಅದನ್ನೆತ್ತಿ
ಸೊಂಟದ ಬಟ್ಟೆಯ ಅಂಚಿಗೆ ಗಂಟು ಹಾಕಿಕೊಂಡು
ಒಲೆ ನೋಡಲು ಎದ್ದಳು.