ಏಳು

ಸಂದರ್ಶನಕ್ಕೆ ಕೂತ ಮೂವರಲ್ಲಿ ಒಬ್ಬರು ಕೇಳಿದ್ದು
ಇತಿಹಾಸವನ್ನಲ್ಲ: ಗ್ರೀಸಿನ ವಾಸನೆ ಆಗಿಬರುತ್ತದೆಯೇ?
ಬರುತ್ತದೆ ಎಂದೆ. ವಡಾಲಾದಲ್ಲಿ ಹುಟ್ಟಿದವಳು,
ಡಿಪೋ ಗೋಡೆಗೆ ಎದುರಾಗಿಯೇ ನಮ್ಮ ಖೋಲಿಯ ಕಿಟಕಿ.
ತಾತ್ಕಾಲಿಕ, ದಿನಗೂಲಿ, ಆರು ತಿಂಗಳು ಎಂದು ಬರೆದುಕೊಟ್ಟರು.
ಆ ಆರು ತಿಂಗಳು
ಹನ್ನೊಂದು ವರ್ಷ ನಡೆಯಿತು.

ಏನು ಕೆಲಸ ಅಂದಳು ಅವ್ವ.
ಓಡದ ಬಸ್ಸುಗಳನ್ನು ನೋಡಿಕೊಳ್ಳುವುದು.
"ಅದಕ್ಕೂ ಪಗಾರ ಕೊಡ್ತಾರೇನ?"

ಮೊದಲ ವರ್ಷ ಎಣಿಸಿದ್ದೇ ಎಣಿಸಿದ್ದು:
ಹುಳ ತಿಂದ ಟಿಕೆಟ್ ಕಟ್ಟು, ಬಾಯಿ ಕಚ್ಚಿದ ಪಂಚು,
ಕಂಡಕ್ಟರನ ಚರ್ಮದ ಚೀಲದ ತಳದಲ್ಲಿ
ಯಾವ ಕಾಲದ್ದೋ ಒಂದು ಶೇಂಗಾಕಾಳು.
ಅದಕ್ಕೂ ಕ್ರಮಾಂಕ ಕೊಟ್ಟೆ.
ಸಾಹೇಬರು ನಕ್ಕರು, ಆದರೆ ಹೊಡೆದುಹಾಕಲಿಲ್ಲ.

ಜುಲೈಯಲ್ಲಿ ಶೆಡ್ಡಿನೊಳಗೆ ಮೊಣಕಾಲುದ್ದ ನೀರು.
ಟ್ರಾಮಿನ ಮರದ ಮೆಟ್ಟಿಲು ಉಬ್ಬಿ ಹೋಳಿಗೆಯಾಯಿತು.
ರಾತ್ರಿಯಿಡೀ ಬಕೆಟ್ಟು ಹಿಡಿದು ನಿಂತವರು
ನಾನು, ಫಿಟ್ಟರ್ ಧುರಿ, ಮತ್ತೊಂದು ಬೆಕ್ಕು.
ಬೆಳಿಗ್ಗೆ ಧುರಿ ಅಂದ: ಓದಿದವರು
ಇಷ್ಟು ಹೊತ್ತು ಉಳಿದದ್ದು ನಾ ನೋಡಿಲ್ಲ.
ನನ್ನ ಪದವಿಪತ್ರಗಳಲ್ಲಿ
ಫ್ರೇಮು ಹಾಕಿಸಬೇಕಾದದ್ದು ಅದೊಂದೇ.

ನಿವೃತ್ತರು ಬರುತ್ತಾರೆ, ಭಾನುವಾರ, ಇಸ್ತ್ರಿಯ ಅಂಗಿ.
ಗಾಜಿನೊಳಗಿನ ಚೀಟಿ ಓದಿ ತಲೆಯಾಡಿಸುತ್ತಾರೆ:
ಗಂಟೆಯ ಹಗ್ಗ ಎಡಕ್ಕಿತ್ತು ಬಾಯಿ, ಬಲಕ್ಕಲ್ಲ.
ಎದ್ದು ಹೋಗಿ ಬದಲಿಸುತ್ತೇನೆ.
ಮುಂದಿನ ಭಾನುವಾರ ಮತ್ತೊಬ್ಬರು: ಬಲಕ್ಕಿತ್ತು.
ಈಗ ಆ ಚೀಟಿಯನ್ನು ಪೆನ್ಸಿಲ್ಲಿನಲ್ಲೇ ಬರೆಯುತ್ತೇನೆ.

ಫಲಕ ಸಿಕ್ಕಿದ್ದು ಗುಜರಿಯ ರಾಶಿಯಲ್ಲಿ.
ತಗಡು, ಕರಿ ಬಣ್ಣ, ಮೇಲೆ ಬಿಳಿ ಅಂಕಿ.
ಬೆನ್ನಿಗೆ ಸೀಮೆಸುಣ್ಣದಲ್ಲಿ: ಕೆಟ್ಟದ್ದು.
ಮರಾಠಿ ಏಳು ಬರೆಯಬೇಕಿದ್ದ ಕಡೆ
ಯಾರೋ ಬರೆದಿದ್ದ ೭.
ನನ್ನ ಮಗ್ಗಿಪುಸ್ತಕದ ೭, ಕಾಲು ಚಾಚಿ ಕೂತದ್ದು.

ಧುರಿಗೆ ನೆನಪಿತ್ತು. ಅಥಣಿ ಕಡೆಯ ಪೇಂಟರ್,
ರಾಯಪ್ಪನೋ ರಾಮಪ್ಪನೋ, ಮಾತು ಕಡಿಮೆ.
ಊರಿಂದ ಪತ್ರ ಬಂದ ದಿನ ಬರೆದದ್ದಂತೆ,
ಪತ್ರದಲ್ಲಿ ಏನಿತ್ತೋ, ಯಾರೂ ಕೇಳಲಿಲ್ಲ.
ಅರ್ಧ ದಿನ ಆ ಬಸ್ಸು ಹಾಗೇ ಓಡಿತು.
ಜನ ಅದನ್ನು ಇಂಗ್ಲಿಷ್ ಎರಡೆಂದು ಹತ್ತಿ
ಎಲ್ಲೆಲ್ಲೋ ಇಳಿದು ಬೈದರು.
ಅವನ ಪಗಾರದಲ್ಲಿ ಅರ್ಧ ದಿನ ಮುರಿದರು.

ಸಮಿತಿಯಲ್ಲಿ ಒಬ್ಬರು: ತಪ್ಪನ್ನು ಯಾಕೆ ಇಡುವುದು?
ಆ ವರ್ಷವಷ್ಟೇ ನನ್ನ ಬಾಗಿಲಿಗೆ ಕ್ಯುರೇಟರ್ ಎಂಬ
ಹಿತ್ತಾಳೆ ಪಟ್ಟಿ ಬಡಿದಿದ್ದರು, ಒಂದು ಮೊಳೆ ಸಡಿಲ.
ನಾನು ಹೇಳಬಹುದಿತ್ತು ಬೇಕಾದಷ್ಟು,
ಈ ಊರನ್ನು ಯಾರ್ಯಾರ ಕೈ ಬರೆಯಿತೆಂದು.
ಹೇಳಿದ್ದು ಇಷ್ಟು: ಅಳತೆ ಚಿಕ್ಕದು, ಜಾಗ ಇದೆ.

ಚೀಟಿ:
ಮಾರ್ಗಫಲಕ, ತಗಡು. ಅಂಕಿ ಕನ್ನಡ.
ಬರೆದವರ ಹೆಸರು ತಿಳಿದಿಲ್ಲ.
ಅರ್ಧ ದಿನ ಬಳಕೆಯಲ್ಲಿತ್ತು.

ಹೋದ ಶುಕ್ರವಾರ ಮುನಸಿಪಾಲಿಟಿಯ ಕನ್ನಡ ಶಾಲೆಯಿಂದ
ಹದಿನಾಲ್ಕು ಮಕ್ಕಳು ಬಂದವು.
ಇಡೀ ಶಾಲೆಯೇ ಅಷ್ಟು, ಅಂದರು ಟೀಚರು.
ಟ್ರಾಮಿನ ಗಂಟೆ ಎಲ್ಲರೂ ಬಾರಿಸಿದರು, ಟೀಚರೂ.
ಕೆಂಪು ರಿಬ್ಬನ್ನಿನ ಒಬ್ಬಳು ಗಾಜಿಗೆ ಮೂಗೊತ್ತಿ ನಿಂತು
ನನ್ನ ಚೀಟಿಯನ್ನು ಓದಲೇ ಇಲ್ಲ,
ಶೆಡ್ಡೆಲ್ಲ ಕೇಳುವ ಹಾಗೆ ಕೂಗಿದಳು:
ಏಳು!

ಬಾಗಿಲ ಸ್ಟೂಲಿನಲ್ಲಿ ತೂಕಡಿಸುತ್ತಿದ್ದ
ಅಫಜಲಪುರದ ವಾಚ್‌ಮನ್ ಶರಣಬಸು
ಧಡಕ್ಕನೆ ಎದ್ದು, ಟೋಪಿ ಸರಿಮಾಡಿಕೊಂಡು,
ಎಬ್ಬಿಸಿದ್ದು ಯಾರೆಂದು ಅತ್ತಿತ್ತ ನೋಡಿದ.